ಫಾಲ್ಸ್ ನೋಡಲು ಹೋದವರು ಚಹಾ ಕುಡಿದು ಬಂದರು

ನಮ್ಮ ಹುಕ್ಕೇರಿ ಗುಮ್ಮಟಗಳ ಊರು. ದೂರದವರು ನೋಡಲು ಬರುತ್ತಾರೆ. ನಮ್ಮ ಮಕ್ಕಳು ಮಾತ್ರ ಅದೇ ಗುಮ್ಮಟದ ನೆರಳಲ್ಲಿ ಗೋಲಿ ಆಡಿ ಆಡಿ ಬೇಸತ್ತಿದ್ದಾರೆ. ಅವರಿಗೆ ಬೇಕಾದದ್ದು ಗೋಕಾಕ ಫಾಲ್ಸ್. ನಾನು ಇಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುವ ಸುಂದ್ರವ್ವ. ನನ್ನ ಬಾಯಿ ಸ್ವಲ್ಪ ಜೋರು, ಮೊದಲೇ ಹೇಳಿಬಿಡುತ್ತೇನೆ.

ಶ್ರಾವಣ ಮುಗಿದಿತ್ತು. ಬಾಜೂ ಮನೆಯ ಲಗಮಣ್ಣ ತನ್ನ ಎಂಟು ವರ್ಷದ ಮಗಳು ಗೌರಕ್ಕನಿಗೆ, "ಈ ಐತವಾರ ಫಾಲ್ಸಿಗಿ ಹೋಗೂಣು," ಎಂದ. ಹುಡುಗಿ ತಲೆ ಎತ್ತಲಿಲ್ಲ.

"ಹೋದ ವರ್ಷಾನೂ ಹಂಗ ಅಂದಿದ್ದಿ ಅಪ್ಪಾ," ಎಂದು ಪಾಟಿ ಒರೆಸುತ್ತ ಕುಳಿತಳು. ಲಗಮಣ್ಣನ ಮುಖ ಸಣ್ಣದಾಯಿತು. ಮಗಳು ಅವನ ಮಾತು ನಂಬುವುದನ್ನೇ ಬಿಟ್ಟಿದ್ದಳು.

ಹೋದ ವರ್ಷ ಆದದ್ದು ಇಷ್ಟು. ಗೋಕಾಕದಲ್ಲಿ ಇಳಿದರು. ಲಗಮಣ್ಣನ ಅಕ್ಕ ಭರಮವ್ವನ ಮನೆಗೆ ಹೋಗದಿದ್ದರೆ ಆಕೆ ಮುನಿಯುತ್ತಾಳೆ, ಅಲ್ಲಿ ಊಟ. ಸುದ್ದಿ ತಿಳಿದರೆ ಮೂಡಲಗಿಯ ಕಾಕಾ ಸಿಟ್ಟಾಗುತ್ತಾನೆ, ಅಲ್ಲಿಗೂ ಬಸ್ಸು. ಅಲ್ಲಿ ಚಹಾ, ಮತ್ತೆ ಊಟ. ಗೌರಕ್ಕ ವಾಂತಿ ಮಾಡಿಕೊಂಡಳು, ಹೊತ್ತು ಮುಳುಗಿತು, ಫಾಲ್ಸ್ ಇದ್ದಲ್ಲೇ ಉಳಿಯಿತು. ನಮ್ಮ ಕಡೆಯ ತಿರುಗಾಟವೇ ಹೀಗೆ, ನೆಂಟರ ಮನೆ ಎಣಿಸುವುದರಲ್ಲೇ ಮುಗಿಯುತ್ತದೆ.

"ಈ ಸಲ ಘಟಪ್ರಭಾದಾಗ ಷಡ್ಡಕನ ಮನೀನೂ ಐತ್ರಿ," ಎಂದ ಲಗಮಣ್ಣ.

ನನಗೆ ರೇಗಿತು. "ಲಗಮಣ್ಣಾ, ಮಗಳಿಗಿ ನೀರು ತೋರಸ್ತೀರೋ, ನೆಂಟರನ್ನ ತೋರಸ್ತೀರೋ?"

"ಹಂಗಂದ್ರ ಹೆಂಗ್ರಿ ಅಕ್ಕೋರ? ಊರಿಗಿ ಹೋಗಿ ಮನಿಗಿ ಬರಲಿಲ್ಲಂದ್ರ ಅಕ್ಕ ವರ್ಷಗಟ್ಲೆ ಮಾತಾಡಂಗಿಲ್ಲ."

"ಖರೆ ಐತಿ. ಅದಕ್ಕ ಆಕಿಗಿ ಒಂದು ಕಾರ್ಡ್ ಹಾಕ್ರಿ. ನಾವು ಬುತ್ತಿ ಕಟಗೊಂಡು ಫಾಲ್ಸಿಗಿ ಬರ್ತೇವಿ, ನೀನೂ ಮಕ್ಕಳನ್ನ ಕರ್ಕೊಂಡು ಅಲ್ಲೇ ಬಾ ಅಂತ ಬರೀರಿ. ಕಾಕಾನ ಮನಿಗಿ ದೀಪಾವಳಿಗಿ ಹೋಗ್ರಿ. ಸಣ್ಣ ಮಕ್ಕಳ ಜೋಡಿ ದಿನಕ್ಕ ಒಂದೇ ಜಾಗಾ. ಮುಂಜಾನಿ ಮೊದಲನೇ ಬಸ್ಸು, ಕತ್ತಲಾಗೂದರಾಗ ಮನಿ."

"ಅಕ್ಕ ಬೈದ್ರ?"

"ಬೈಸಿಕೊಳ್ಳಾಕ ನಾನೂ ಬರ್ತೇನಿ, ನಡೀರಿ."

ಐತವಾರ ಲಗಮಣ್ಣನ ಹೆಂಡತಿ ತಾಯವ್ವ ರೊಟ್ಟಿ, ಶೇಂಗಾ ಚಟ್ನಿ, ಕಾಸಿ ಆರಿಸಿದ ನೀರು ಕಟ್ಟಿಕೊಂಡಳು. ಫಾಲ್ಸಿನ ಹತ್ತಿರ ಭರಮವ್ವ ಮೂವರು ಮಕ್ಕಳೊಂದಿಗೆ ಮುಖ ಗಂಟಿಕ್ಕಿಕೊಂಡು ನಿಂತಿದ್ದಳು.

"ನನ್ನ ಮನೀ ತನಕ ಬರಾಕ ಕಾಲ ನೋಯ್ತಿದ್ವೇನೋ?" ಎಂದಳು ತಮ್ಮನಿಗೆ.

ನಾಲ್ಕು ಹೆಜ್ಜೆ ಮುಂದೆ ಹೋದೆವು. ಕೆಂಪು ನೀರು ಬಂಡೆಯಿಂದ ಧುಮುಕುತ್ತಿತ್ತು. ಭರಮವ್ವ ನೋಡುತ್ತಲೇ ನಿಂತುಬಿಟ್ಟಳು.

"ನನ್ನ ಗೋಕಾಕಕ್ಕ ಕೊಟ್ಟು ಹನ್ನೆರಡ ವರ್ಷ ಆತು," ಎಂದಳು ಸೆರಗಿನಿಂದ ಕಣ್ಣೊರೆಸಿಕೊಂಡು. "ಫಾಲ್ಸ್ ನೋಡಾಕ ಬಂದವರಿಗಿ ಅಡಗಿ ಮಾಡೂದರಾಗ ದಿನಾ ಹೋದೂ. ಇವತ್ತ ನೋಡಾಕತ್ತೇನಿ."

ಲಗಮಣ್ಣ ಬಂಡೆಯ ಅಂಚಿಗೆ ಮಕ್ಕಳನ್ನು ಬಿಡಲಿಲ್ಲ. ತೂಗುಸೇತುವೆಯ ಮೇಲೆ ಗೌರಕ್ಕ ಅಪ್ಪನ ಕೈ ಗಟ್ಟಿಯಾಗಿ ಹಿಡಿದಿದ್ದಳು. ಸಂಜೆಯ ಬಸ್ಸಿನಲ್ಲಿ ಅವನ ತೊಡೆಯ ಮೇಲೆ ಕುಳಿತು ಕೇಳಿದಳು, "ಅಪ್ಪಾ, ಮುಂದಿನ ಸಲ ಎಲ್ಲಿ ಕರ್ಕೊಂಡ ಹೋಗ್ತಿ?" ಲಗಮಣ್ಣ ನನ್ನ ಕಡೆ ನೋಡಿ ನಕ್ಕ.

ತಂದೆತಾಯಂದಿರೇ, ಮಕ್ಕಳೊಂದಿಗೆ ಹೊರಡುವಾಗ ಹತ್ತಿರದ ಒಂದೇ ಜಾಗ ಆರಿಸಿರಿ. ಬುತ್ತಿ, ನೀರು ಜೊತೆಗಿರಲಿ, ನೀರಿನ ಹತ್ತಿರ ಮಕ್ಕಳ ಕೈ ಬಿಡಬೇಡಿರಿ. ನೆಂಟರಿಗೆ ಮೊದಲೇ ಕಾರ್ಡ್ ಹಾಕಿ ಅಲ್ಲಿಗೇ ಕರೆಯಿರಿ. ಅವರ ಮನೆಯಲ್ಲೂ ಒಲೆ ಮುಂದೆ ಕುಳಿತ ಭರಮವ್ವ ಒಬ್ಬಳು ಇದ್ದಾಳೆ.