ಬಿದ್ದ ಬಾಳೆಗಳ ದಿಕ್ಕು

ತಮ್ಮ ಸತ್ತ ಹದಿಮೂರನೆಯ ದಿನ ಸುಮಂಗಲಾ ಕಾಲೇಜಿಗೆ ರಜೆ ಹಾಕಿ, ಅಳತೆಯ ಟೇಪು, ದಿಕ್ಸೂಚಿ, ನೋಟ್‌ಬುಕ್ಕು ಚೀಲಕ್ಕೆ ತುಂಬಿಕೊಂಡು ಕಲಬುರಗಿಯಿಂದ ಕಮಲಾಪುರದ ಬಸ್ಸು ಹತ್ತಿದಳು. ತಾಯಿ ಶಂಕ್ರಮ್ಮನಿಗೆ ಪರೀಕ್ಷೆಯ ಕೆಲಸ ಎಂದಿದ್ದಳು. ಸುಳ್ಳು ಹೇಳುವುದು ಈಚೆಗೆ ಅವಳಿಗೆ ಸಲೀಸಾಗಿತ್ತು.

ಇಷ್ಟು ದಿನದಲ್ಲಿ ಅವಳು ಒಮ್ಮೆಯೂ ಅತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ಉಂಡಳು, ಮಣ್ಣಿಗೆ ಬಂದವರಿಗೆಲ್ಲ ಚಹಾ ಕೊಟ್ಟಳು. ಮನಸ್ಸು ಜೋಮು ಹಿಡಿದ ಕಾಲಿನಂತೆ ಇತ್ತು. ಗಟ್ಟಿ ಹೆಣ್ಣುಮಗಳು ಎಂದು ಜನ ಹೊಗಳಿದರು. ಹೊಗಳುವವರಿಗೇನು, ಚಹಾ ಕುಡಿದು ಎದ್ದರಾಯಿತು.

ತಮ್ಮ ಮಹಾದೇವ ತೋಟಗಳಿಗೆ ಡ್ರಿಪ್ ಪೈಪು ಜೋಡಿಸುವವನು. ಆ ದಿನ ಸಂಜೆ ನಾಲ್ಕರ ಹೊತ್ತಿಗೆ ಕಮಲಾಪುರದಿಂದ ಅಕ್ಕನಿಗೆ ಫೋನ್ ಮಾಡಿ, ಪಡುವಣದಲ್ಲಿ ಮೋಡ ಕರ್ರಗಾಗಿದೆ, ಹೊರಟು ಬರಲೋ ಇಲ್ಲೇ ನಿಲ್ಲಲೋ ಎಂದು ಕೇಳಿದ್ದ. ಅವಳು ಫೋನಿನಲ್ಲೇ ರಾಡಾರ್ ಚಿತ್ರ ತೆರೆದು ನೋಡಿದಳು. ಮೋಡ ಈಶಾನ್ಯಕ್ಕೆ ಹೊರಟಿತ್ತು. ‘ಅಲ್ಲೇ ನಿಲ್ಲು, ನಿನ್ನ ಬಡಗಣಕ್ಕ ಹಾದು ಹೋಗ್ತದ’ ಎಂದಳು. ಅವನು ರಸ್ತೆ ಪಕ್ಕದ ತಗಡಿನ ಶೆಡ್ಡಿನಲ್ಲಿ ನಿಂತ. ಮೋಡ ದಾರಿ ಬಿಟ್ಟು ಬಲಕ್ಕೆ ಹೊರಳಿ ನೇರ ಅವನ ಮೇಲೆಯೇ ಬಂತು. ಶೆಡ್ಡಿನ ಗೋಡೆಯಡಿ ಅವನೂ ಹೋದ, ಅವನ ಫೋನೂ ಪುಡಿಯಾಯಿತು. ತಾನು ಪರೀಕ್ಷೆಯ ಕೋಣೆಯಲ್ಲಿದ್ದೆ, ಫೋನು ಎತ್ತಲೇ ಇಲ್ಲ ಎಂದು ಸುಮಂಗಲಾ ಎಲ್ಲರಿಗೂ ಹೇಳಿಬಿಟ್ಟಳು.

ಹದಿನೆಂಟು ವರ್ಷ ಭೌತಶಾಸ್ತ್ರ ಕಲಿಸಿದವಳಿಗೆ ಒಂದೇ ಒಂದು ತಿಳಿಯಬೇಕಿತ್ತು: ಅದು ಎಂಥ ಮೋಡ? ಸಾದಾ ಗುಡುಗಿನ ಮೋಡವಾದರೆ, ಮೇಲಿನ ಗಾಳಿಯ ರಭಸವನ್ನೆಲ್ಲ ಮಳೆಯ ಜೊತೆ ಕೆಳಗೆ ಸುರಿದು, ಸಿಕ್ಕಿದ್ದನ್ನೆಲ್ಲ ಒಂದೇ ಕಡೆ ದಬ್ಬುತ್ತದೆ. ಅದನ್ನು ಮುಂಚೆ ಹೇಳಲು ಯಾರಪ್ಪನಿಂದಲೂ ಆಗದು. ಸುತ್ತುವ ಮೋಡದ ಜಾತಿಯೇ ಬೇರೆ. ನೆಲದ ಗಾಳಿ ಒಂದು ಕಡೆ, ಮೇಲಿನ ಗಾಳಿ ಇನ್ನೊಂದು ಕಡೆ ಬೀಸಿದಾಗ ನಡುವಿನ ಗಾಳಿ ಅಂಗೈಗಳ ಮಧ್ಯೆ ಹೊಸೆದ ಬತ್ತಿಯಂತೆ ಅಡ್ಡಡ್ಡ ಉರುಳುತ್ತದೆ. ನೆಲದ ಕಾವು ಮೇಲೇರುತ್ತ ಆ ಉರುಳನ್ನು ನೆಟ್ಟಗೆ ಎತ್ತಿ ನಿಲ್ಲಿಸುತ್ತದೆ. ಆಮೇಲೆ ಮೋಡವೇ ತಿರುಗುತ್ತದೆ, ಅಡಿಯ ಗಿಡಗಳನ್ನು ಸುತ್ತುಸುತ್ತಾಗಿ ಕೆಡವುತ್ತದೆ, ತಿರುಗಿದ್ದು ನಮ್ಮ ಸೀಮೆಯಲ್ಲಿ ಹೆಚ್ಚಾಗಿ ಬಲಕ್ಕೆ ಸರಿಯುತ್ತದೆ. ಆ ದಿನ ಬೆಳಿಗ್ಗೆ ಎರಡು ಗಾಳಿಗಳ ಅಂಕಿಯನ್ನೂ ಅವಳು ನೋಡಿದ್ದಳು. ಸುತ್ತುವ ಮೋಡವೇ ಆಗಿದ್ದರೆ, ನೋಡಿಯೂ ನಿಲ್ಲು ಎಂದದ್ದು ಅವಳದೇ ತಪ್ಪು.

ಶೆಡ್ಡಿನ ಬೆನ್ನಿಗೇ ಖಮರುದ್ದೀನನ ಕೆಂಪುಬಾಳೆಯ ತೋಟ. ಊರಿನ ಲೆಕ್ಕ ನೋಡುವ ತಲಾಠಿ ಪರಿಹಾರಕ್ಕೆಂದು ಬಂದು ಫೋಟೊ ತೆಗೆಯುವ ತನಕ ಬಿದ್ದ ಗಿಡ ಮುಟ್ಟಬಾರದೆಂದು ಅವನು ಗಿಡಗಳನ್ನು ಹಾಗೇ ಬಿಟ್ಟಿದ್ದ. ಕಾಲೇಜಿನಿಂದ ಗಾಳಿಯ ಅಭ್ಯಾಸಕ್ಕೆ ಬಂದಿದ್ದೇನೆ ಎಂದಳು. ಸತ್ತವನ ಅಕ್ಕ ಎನ್ನಲಿಲ್ಲ.

ಗೊನೆ ಬಿಟ್ಟ ಇನ್ನೂರು ಗಿಡ ಎಣಿಸಿದಳು. ಒಂದೊಂದರ ದಿಕ್ಕನ್ನೂ ಬರೆದುಕೊಂಡಳು. ಎಲ್ಲವೂ ಮೂಡಣಕ್ಕೆ ತಲೆ ಹಾಕಿ, ಸಾಲು ಹಿಡಿದು ಮಲಗಿದ್ದವು. ಸುತ್ತು ಇಲ್ಲ. ಸಾದಾ ಮೋಡ. ಅವಳ ಮೈ ಹಗುರಾಯಿತು, ಹಗುರಾದದ್ದಕ್ಕೆ ನಾಚಿಕೆಯೂ ಆಯಿತು. ನೋಟ್‌ಬುಕ್ಕು ಮುಚ್ಚಿದಳು.

ಅಷ್ಟರಲ್ಲಿ ಚಹಾ ಹಿಡಿದು ಬಂದ ಖಮರುದ್ದೀನ್ ಏನು ಬರೆದಿರಿ ಎಂದು ಕೇಳಿದ. ಹೇಳಿದಳು. ಅವನು ತಲೆ ಅಲ್ಲಾಡಿಸಿದ.

‘ಇವು ಲೆಕ್ಕಕ್ಕ ಬರಂಗಿಲ್ರೀ ಅಕ್ಕಾರ. ಗೊನಿ ಬಿಟ್ಟ ಗಿಡ ನಾವು ಸಾಲಿಗೆ ಸಾಲು ಹಗ್ಗದಾಗ ಕಟ್ಟಿರ್ತೀವಿ. ಒಂದು ಬಿತ್ತಂದ್ರ ಸಾಲೆಲ್ಲಾ ಅದರ ಕಡೀನೇ ಬೀಳ್ತದ. ಇವು ಗಾಳಿ ಮಾತು ಕೇಳಿಲ್ಲ, ಹಗ್ಗದ ಮಾತು ಕೇಳ್ಯಾವ. ಹಗ್ಗ ಮರುದಿನಾನೇ ಬಿಚ್ಚಿ ಇಟ್ಟೀನಿ, ಅದಕ್ಕ ನಿಮಗ ಕಂಡಿಲ್ಲ. ಹಿಂದ ಸಣ್ಣ ಗಿಡ ಅವ, ಕಟ್ಟಿಲ್ಲದ್ದು. ಅವನ್ನ ನೋಡ್ರಿ.’

ನೋಡದೆ ಹೋಗಬಹುದಿತ್ತು. ಬಸ್ಸಿಗೆ ಹೊತ್ತಾಯಿತು ಎಂದರೆ ಆ ಬಡಪಾಯಿ ತಡೆಯುತ್ತಿರಲಿಲ್ಲ. ಆದರೆ ಎಣಿಸುವುದನ್ನು ಅರ್ಧಕ್ಕೆ ಬಿಟ್ಟು ಅವಳಿಗೆ ಗೊತ್ತಿರಲಿಲ್ಲ. ಹಿಂದಿನ ತುಂಡಿಗೆ ಹೋದಳು. ಅದರ ನಡುವೆ ಒಂದು ಬಾವಿ. ಬಾವಿಯ ತೆಂಕಣದ ಗಿಡಗಳು ಮೂಡಣಕ್ಕೆ ಬಿದ್ದಿದ್ದವು, ಮೂಡಣದವು ಬಡಗಣಕ್ಕೆ, ಬಡಗಣದವು ಪಡುವಣಕ್ಕೆ. ನಲವತ್ತು ಗಿಡ ಬರೆಯುವಷ್ಟರಲ್ಲಿ ಹಾಳೆಯ ಮೇಲೆ ಸುತ್ತು ಕೂಡಿಕೊಂಡಿತು. ಮಿಕ್ಕ ಗಿಡಗಳನ್ನೂ ಎಣಿಸಿದಳು, ಏನೂ ಬದಲಾಗಲಿಲ್ಲ. ಖಮರುದ್ದೀನನಿಗೆ ಉಪಕಾರವಾಯಿತು ಎಂದು ಹೇಳಿ, ಆರಿದ ಚಹಾ ಕುಡಿದು ಹೊರಟಳು.

ಕಲಬುರಗಿಯ ಮಗ್ಗುಲಿನ ತಮ್ಮೂರು ಶರಣಸಿರಸಗಿಯ ಮನೆ ಮುಟ್ಟಿದಾಗ ಶಂಕ್ರಮ್ಮ ಪಡಸಾಲೆಯಲ್ಲಿ ಮೆಂತೆಸೊಪ್ಪು ಸೋಸುತ್ತಿದ್ದಳು. ಸುಮಂಗಲಾ ಚಪ್ಪಲಿಯನ್ನೂ ಬಿಡದೆ ಎದುರು ಕುಳಿತಳು.

‘ಅವ್ವಾ, ಆವತ್ತು ಅವ ನಂಗ ಫೋನ್ ಮಾಡಿದ್ದ. ನಾ ಎತ್ತಿದ್ದೆ. ಅಲ್ಲೇ ನಿಲ್ಲು ಅಂತ ನಾನೇ ಹೇಳೀನಿ.’

ಶಂಕ್ರಮ್ಮನ ಕೈ ನಿಲ್ಲಲಿಲ್ಲ. ‘ಗೊತ್ತದ. ನಿನ್ನ ಹಿಂದ ನಂಗೂ ಮಾಡಿದ್ದ.’

ಸುಮಂಗಲಾ ಚಪ್ಪಲಿ ಬಿಚ್ಚಿ ಬದಿಗಿಟ್ಟಳು.

‘ಹೊಂಟು ಬಾರಪಾ ಅನ್ನಾಕ ಬಾಯಿಗೆ ಬಂದಿತ್ತು’ ಎಂದಳು ಶಂಕ್ರಮ್ಮ. ‘ಅಕ್ಕ ಹೇಳ್ಯಾಳ, ಇಲ್ಲೇ ನಿಂದರ್ತೀನಿ ಅಂದ. ನೀ ಓದಿದಾಕಿ. ನಾ ಸುಮ್ಮನಾದೆ.’

ತಾನು ನಿಲ್ಲಿಸಿದ್ದು ತಮ್ಮನೊಬ್ಬನನ್ನೇ ಅಲ್ಲ, ಕರೆಯಲು ತೆರೆದ ತಾಯಿಯ ಬಾಯನ್ನೂ ಎಂದು ಸುಮಂಗಲಾಗೆ ಆಗ ತಿಳಿಯಿತು. ಅಳು ಬರುತ್ತದೇನೋ ಎಂದು ಕಾದಳು, ಬರಲಿಲ್ಲ. ಹದಿಮೂರು ದಿನದಿಂದ ಇದೇ ಪಡಸಾಲೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಬಡಿಸಿಕೊಂಡು ಉಂಡಿದ್ದರು.