ಎಲ್ಲರಿಗೂ ‘ಎ’ ಬೇಕು

ಅಲೆಕ್ಸಾಂಡ್ರಿಯಾದ ಒಂದು ಬಸ್ ಕಂಪನಿ. ೧೯೮೭ನೇ ಇಸವಿ. ಅಲ್ಲಿನ ದೊಡ್ಡ ಕಂಪ್ಯೂಟರಿನ ಕೋಣೆಗೆ ಮದಾಂ ಇನ್ಸಾಫಳೇ ಯಜಮಾನಿ. ದಿನಕ್ಕೆ ನಲವತ್ತು ವರದಿಗಳು ಒಂದೇ ರಾಶಿಯಾಗಿ ಬೀಳುತ್ತಿದ್ದವು. ಕೈಯಲ್ಲಿ ಬೇರ್ಪಡಿಸಿ ಬೇರ್ಪಡಿಸಿ ಸಾಕಾದ ಅವಳು ಒಂದೊಂದು ವರದಿಗೂ ಒಂದು ಅಕ್ಷರ ಕೊಟ್ಟಳು. ‘ಎ’ ಎಂದರೆ ಸಾದಾ ಕಾಗದ, ಕೆಳಮಹಡಿಯ ಪ್ರಿಂಟರು. ‘ಜಿ’ ಎಂದರೆ ಅಗಲ ಕಾಗದ, ಮೇಲಿನ ಪ್ರಿಂಟರು. ‘ಝಡ್’ ಎಂದರೆ ಬರೀ ಪರೀಕ್ಷೆಗೆ ಓಡಿಸಿದ್ದು. ಅಚ್ಚಾಗದೆ ಅಲ್ಲೇ ಅಳಿಸಿಹೋಗುತ್ತದೆ. ಅಕ್ಷರ ನೋಡಿ ಯಂತ್ರವೇ ವಿಂಗಡಿಸುತ್ತದೆ. ಇಷ್ಟಕ್ಕೆ ಸುಮ್ಮನಿರದೆ, ಯಾರ ವರದಿಗೆ ಯಾವ ಅಕ್ಷರ ಎಂಬ ಪಟ್ಟಿಯನ್ನು ಬಾಗಿಲಿಗೆ ಅಂಟಿಸಿದಳು.

ಬೆಳಿಗ್ಗೆಯೇ ಟೈರು ವಿಭಾಗದ ಮುಖ್ಯಸ್ಥರಾದ ವಗ್ದಿ ಉಸ್ತಾದರು ಹೊಟ್ಟೆ ಮುಂದೆ ಮಾಡಿಕೊಂಡು ಬಂದರು.

“ಇಪ್ಪತ್ತೆರಡು ವರ್ಷ ಸರ್ವೀಸು ನಂದು. ನಾನು ‘ಜಿ’, ಮೊನ್ನೆ ಮೊನ್ನೆ ರಜಾ ವಿಭಾಗಕ್ಕೆ ಬಂದ ಆ ಶುಕ್ರಲ್ಲಾ ‘ಎ’ನಾ?”

“ಅದು ದರ್ಜೆ ಅಲ್ಲ ಉಸ್ತಾದ್, ಕಾಗದದ ಲೆಕ್ಕ. ನಿಮ್ಮದು ಅಗಲ ಜಾಸ್ತಿ.”

“ನನ್ನ ಅಗಲದ ಮಾತು ನಿನಗ್ಯಾಕಮ್ಮಾ? ‘ಎ’ ಕೊಡ್ತೀಯೋ ಇಲ್ವೋ?”

ಮಧ್ಯಾಹ್ನದ ಹೊತ್ತಿಗೆ ಉಳಿದವರೂ ಸಾಲುಗಟ್ಟಿದರು. ರೋಸಿಹೋಗಿ ಎಲ್ಲರಿಗೂ ‘ಎ’ ಕೊಟ್ಟಳು. ಮೇಲಿನ ಪ್ರಿಂಟರು ನೊಣ ಹೊಡೆಯುತ್ತ ಕೂತಿತು. ಕೆಳಗಿನದು ಮೂರು ದಿನ ಕಿರುಚಾಡಿ ಕಾಗದ ಜಗಿಯಿತು. ಟೈರಿನ ಹಾಳೆಯೊಂದು ರಜಾ ಅರ್ಜಿಗಳ ಕಟ್ಟಿಗೆ ಸೇರಿಕೊಂಡಿತು. ಶುಕ್ರಲ್ಲಾ ಕಣ್ಣುಮುಚ್ಚಿ ಸಹಿ ಹಾಕಿ, ನಾಲ್ಕು ಹಳೇ ಟೈರುಗಳಿಗೆ ಹತ್ತು ದಿನ ರಜೆ ಮಂಜೂರು ಮಾಡಿದ.

ಗುರುವಾರ ಇನ್ಸಾಫ್ ಯಾರಿಗೂ ಹೇಳದೆ ಹಳೆಯ ಅಕ್ಷರಗಳನ್ನೇ ಮತ್ತೆ ಹಾಕಿದಳು. ಆದರೆ ಪ್ರತಿ ಕಟ್ಟಿನ ಮೊದಲ ಹಾಳೆಯಲ್ಲಿ, ನಕ್ಷತ್ರಗಳಿಂದ ಕಟ್ಟಿದ ಗೇಣುದ್ದದ ‘ಎ’ ಅಚ್ಚಾಗುವಂತೆ ಮಾಡಿದಳು. ಎಲ್ಲರ ಮುಖವೂ ಅರಳಿತು. ವಗ್ದಿಯವರಂತೂ ತಮ್ಮದನ್ನು ಗೋಡೆಗೆ ತೂಗುಹಾಕಿ, ಬಂದವರಿಗೆಲ್ಲ ಚಹಾ ಕೊಡಿಸಿದರು.

ಆಗ ಎಲ್ಲರೂ ಗೌರವದಿಂದ ‘ಬೇ’ ಎಂದು ಕರೆಯುತ್ತಿದ್ದ ಕಂಪನಿಯ ನಿರ್ದೇಶಕ ತೌಫೀಕ್ ಬೇ ಅವಳನ್ನು ಕರೆಸಿದರು.

“ಕಂಡಕಂಡವರಿಗೆಲ್ಲ ‘ಎ’. ನನಗೆ ಯಾರಿಗೂ ಇಲ್ಲದ್ದು ಬೇಕು. ಯಾವುದು ಉಳಿದಿದೆ?”

“‘ಝಡ್’, ಬೇ. ಆದ್ರೆ ಅದು ಯಾರ ಕಣ್ಣಿಗೂ ಬೀಳದೆ ಅಳಿಸಿಹೋಗುತ್ತೆ.”

“ಯಾರ ಕಣ್ಣಿಗೂ ಬೀಳಲ್ವಾ? ಹಾಗೇ ಇರ್ಬೇಕು! ಗೋಪ್ಯ ಅಂದ್ರೆ ಗೋಪ್ಯ.”

“ನಿಮ್ಮ ಕಣ್ಣಿಗೂ...”

“ಹಾಕಮ್ಮಾ ಅಂದೆ!”

ಹಾಕಿದಳು. ಮೊದಲ ವಾರವೆಲ್ಲ ಫೋನು ರಿಂಗಾದಾಗಲೆಲ್ಲ ಬೇ ಅವರದೇ ಇರಬೇಕೆಂದು ಓಡಿಹೋಗಿ ಎತ್ತುತ್ತಿದ್ದಳು. ಬೇ ಕಡೆಯಿಂದ ಮಾತಿಲ್ಲ, ಕತೆಯಿಲ್ಲ. ತಿಂಗಳ ಸಭೆಯಲ್ಲಿ ಅವರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

“ಕೆಲಸ ಅಂದ್ರೆ ಮದಾಂ ಇನ್ಸಾಫ್ ಥರ ಇರ್ಬೇಕು. ಒಂದು ತಿಂಗಳಿಂದ ನನ್ನ ವರದಿಯಲ್ಲಿ ಒಂದೇ ಒಂದು ತಪ್ಪು ಕಂಡಿಲ್ಲ!”

ಎಲ್ಲರೂ ಚಪ್ಪಾಳೆ ತಟ್ಟಿದರು. ಇನ್ಸಾಫ್ ನಗು ತಡೆಯಲು ತುಟಿ ಕಚ್ಚಿಕೊಂಡು, ತಲೆ ತಗ್ಗಿಸಿ, ತಾನೂ ತಟ್ಟಿದಳು.