ಕಿತ್ತವರ ಕಟಗಿ

ಹತ್ತಿ ಬಿಡಿಸಿ ಮುಗಿದ ಮೇಲೆ ಹೊಲದಲ್ಲಿ ಉಳಿದ ಒಣಗಿಡದ ಕಟಗಿ ಕಿತ್ತವರದು. ತಿರ್ಲಾಪುರದಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಹದ ಬಿದ್ದರೆ ಬಿತ್ತಬೇಕೆಂದು ಯಾರಾದರೂ ಹೇಳಿಕೊಡುತ್ತಾರೆಯೇ, ಹಾಗೆ. ಹೊಲವಿದ್ದವನಿಗೆ ಹೊಲ ಹಸನಾಗಬೇಕು, ಹೊಲವಿಲ್ಲದವಳಿಗೆ ಒಲೆ ಉರಿಯಬೇಕು. ಹೋಳಿ ಹುಣ್ಣಿಮೆಯ ಹೊತ್ತಿಗೆ ಹೊಲದ ಧಣಿ ಅಂದಾನೆಪ್ಪ ಕೇರಿಯ ತುದಿಗೆ ಬಂದು ನಿಂತು, "ದುರಗವ್ವಾ, ಹೊಲಾ ಖಾಲಿ ಮಾಡ್ರಿ ಇನ್ನ" ಎನ್ನುವನು. ದುರಗವ್ವ ಅಂಗೈಗೆ ಹಳೆಯ ಸೀರೆಯ ಚಿಂದಿ ಸುತ್ತಿಕೊಂಡು, ಸೊಸೆ ತಾಯವ್ವನನ್ನು ಮುಂದೆ ಹಾಕಿಕೊಂಡು ಹೊರಡುವಳು. ಕೂಲಿಯ ಮಾತೇ ಇಲ್ಲ. ಎರೆಭೂಮಿ ಆಗ ಬಿರಿದು ಕಲ್ಲಾಗಿರುತ್ತದೆ. ಗಿಡದ ಬುಡ ಹಿಡಿದು ಸೊಂಟ ಕೊಟ್ಟು ಜಗ್ಗಿದರೆ ಒಮ್ಮೆ ಬೇರು ಬರುತ್ತದೆ, ಒಮ್ಮೆ ಅಂಗೈಯ ತೊಗಲು ಬರುತ್ತದೆ. ಆದರೆ ಯುಗಾದಿ ಹೊತ್ತಿಗೆ ಅವಳ ಮನೆಯ ಹಿಂದೆ ಮನೆಗಿಂತ ಎತ್ತರದ ಬಣವಿ ನಿಲ್ಲುತ್ತಿತ್ತು. ಅದನ್ನು ನೋಡಿದರೆ ಸಾಕು, ಹೊಟ್ಟೆ ತುಂಬಿದಂತಾಗುತ್ತಿತ್ತು ಅವಳಿಗೆ.

ಹತ್ತಿಕಟಗಿಯ ಉರಿ ಹೇಳಿದ ಮಾತು ಕೇಳುವ ಉರಿ. ರೊಟ್ಟಿ ಹಂಚಿಗೆ ಬಿದ್ದಾಗ ನಾಲ್ಕು ಕಡ್ಡಿ ಮುಂದೆ ನೂಕಿದರೆ ಭಗ್ಗೆನ್ನುತ್ತದೆ, ಹಿಂದಕ್ಕೆ ಎಳೆದರೆ ಸುಮ್ಮನಾಗುತ್ತದೆ. ಹಸಿ ಜಾಲಿಯಂತೆ ಕಣ್ಣು ಕೆಡಿಸುವುದಿಲ್ಲ.

ನವಲಗುಂದದ ರೈತರ ಬಂಡಾಯ ಆಗಿ ಎರಡು ಮೂರು ವರ್ಷ ಕಳೆದಿರಬೇಕು, ಅಣ್ಣಿಗೇರಿಯ ರಸ್ತೆಗೆ ಒಂದು ಕಾರ್ಖಾನೆ ಎದ್ದಿತು. ಅದರ ಮ್ಯಾನೇಜರ ಜೀಪಿನಲ್ಲಿ ಊರಿಗೆ ಬಂದು ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ನಿಂತು ಮಾತಾಡಿದ. ಬಿಳಿ ಬುಶ್‌ಶರ್ಟು, ಕರೀ ಕನ್ನಡಕ, ಮಾತು ಬೆಣ್ಣೆ. ಹತ್ತಿಯ ಕಟಗಿ, ಶೇಂಗಾದ ಹೊಟ್ಟು, ಎಲ್ಲವನ್ನೂ ಹಿಟ್ಟು ಮಾಡಿ, ಯಂತ್ರದಲ್ಲಿ ಒತ್ತಿ, ತೋಳುಗಾತ್ರದ ಗಟ್ಟಿ ಮಾಡುತ್ತಾರಂತೆ. ಒಂದನ್ನು ಕೈಯಲ್ಲಿ ಹಿಡಿದು ತೋರಿಸಿದ. ಕಂದು ಬಣ್ಣ, ಕಲ್ಲಿನಂಥ ಭಾರ. ಒಲೆಗಿಡುವ ಸೆಗಣಿಯ ಕುಳ್ಳು ನೆನೆದು ಊರವರು ಅಂದೇ ಅದಕ್ಕೆ ಹೆಸರಿಟ್ಟರು: ಕಂಪನಿ ಕುಳ್ಳು.

"ಇದು ಹುಬ್ಬಳ್ಳಿ ಗಿರಣಿಗಳಿಗೆ, ಇಟ್ಟಂಗಿ ಭಟ್ಟಿಗಳಿಗೆ ಹೋಗ್ತದೆ" ಎಂದ ಮ್ಯಾನೇಜರ. "ಇವತ್ತು ಅವರು ಏನು ಸುಡ್ತಾರೆ? ಕಲಘಟಗಿ ಕಡೆಯ ಕಾಡು ಸುಡ್ತಾರೆ. ನೀವು ಒಂದು ಗಾಡಿ ಕಟ್ಟಿಗೆ ನಮಗೆ ಕೊಟ್ರೆ ಅಲ್ಲಿ ಒಂದು ಮರ ಉಳೀತದೆ. ಮರ ಉಳಿದ್ರೆ ಮಳೆ. ಮಳೆ ಬಂದ್ರೆ ನಿಮಗೇ. ಇದು ನಿಮ್ಮ ಕಂಪನಿ ಆಗಬೇಕು, ಎಲ್ಲಾರೂ ಷೇರು ತಗೋರಿ. ರೊಕ್ಕ ಇಲ್ಲದವರು ಕಟ್ಟಿಗೆ ಹಾಕ್ರಿ, ತೂಕ ಮಾಡಿ ಷೇರು ಬರಕೋತೀವಿ."

ಅಂದಾನೆಪ್ಪ ರೊಕ್ಕ ಕೊಟ್ಟು ತಕ್ಕೊಂಡ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಬುಡನಸಾಬನೂ, "ದಿನಾ ಬ್ಯಾರೇದವ್ರ ಕಟಗಿ ಸುಡ್ತೀನಿ, ಒಮ್ಮೆ ನನ್ನ ಕಂಪನೀದ ಸುಡತೀನಿ" ಎಂದು ನಗುತ್ತ ಒಂದು ಬರೆಸಿದ. ದುರಗವ್ವ ಕಟ್ಟೆಯಿಂದ ದೂರ, ಹೆಂಗಸರ ನಡುವೆ ನಿಂತಿದ್ದಳು. ಕಲಘಟಗಿ ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳ ಮನಸ್ಸು ಅಲ್ಲಿ ನಿಲ್ಲಲಿಲ್ಲ.

ಅವಳ ತವರು ಕಲಘಟಗಿ ಹತ್ತಿರದ ಬಮ್ಮಿಗಟ್ಟಿ. ಚಿಕ್ಕವಳಿದ್ದಾಗ ಊರ ಹಿಂದಿನ ದಿಬ್ಬದಲ್ಲಿ ಕವಳಿಹಣ್ಣು ಆರಿಸಲು ಹೋದರೆ ಮರಗಳ ನೆರಳಿಗೆ ಹೊತ್ತು ತಿಳಿಯುತ್ತಿರಲಿಲ್ಲ. ಅಣ್ಣನ ಮಗನ ಮದುವೆಗೆ ಹೋದಾಗ ನೋಡಿದರೆ ದಿಬ್ಬದ ತುಂಬ ಬರೇ ಬೊಡ್ಡೆಗಳು, ಬೋಳಿಸಿದ ತಲೆಯಲ್ಲಿ ಉಳಿದ ಕೂಳೆಯ ಹಾಗೆ. ಎಲ್ಲಿ ಹೋದವು ಎಂದು ಕೇಳಿದರೆ ಅಣ್ಣ ಹುಬ್ಬಳ್ಳಿಯ ಕಡೆ ಕೈ ಮಾಡಿದ್ದ. ಅಂದಿನಿಂದ ಅವಳಿಗೆ ಅದೊಂದು ಸಂಕಟ. ಯಾರ ಮುಂದೆ ಹೇಳಿದರೂ ನಗುವಂಥ ಸಂಕಟ.

ಮರುದಿನ ಅವಳು ಬಣವಿಯ ಅರ್ಧ ಬಿಚ್ಚಿ ಕಂಪನಿಯ ಗಾಡಿಗೆ ಹೇರಿದಳು. ತಾಯವ್ವ ಹಣೆ ಬಡಕೊಂಡಳು. "ಅತ್ತೀ, ಶ್ರಾವಣಕ್ಕ ಏನ ಉರಸೂಣು? ನಿಮ್ಮ ಮಾರಿ ಉರಸೂಣೇನು?"

"ಸುಮ್ಕಿರ ಬೇ. ನನ್ನ ಹೆಸರಲೆ ಒಂದರೆ ಏನಾರ ಇರಲಿ."

ಅವಳ ಕೇರಿಯ ಮಲ್ಲಕ್ಕನೂ, ಇನ್ನೂ ಹಲವು ಕಟಗಿ ಕೀಳುವ ಹೆಂಗಸರೂ ಅವಳನ್ನು ನೋಡಿ ಹಾಗೇ ಮಾಡಿದರು. ಷೇರಿನ ಕಾಗದ ಬಂತು. ಅದರ ಮೇಲೊಂದು ಹಸಿರು ಮರದ ಚಿತ್ರ. ದುರಗವ್ವ ಅದಕ್ಕೆ ಕಟ್ಟು ಹಾಕಿಸಿ ಎಲ್ಲಮ್ಮನ ಪಟದ ಬಾಜೂಕ್ಕೆ ತೂಗಿಸಿದಳು. ಬುಡನಸಾಬ ದಾರಿಯಲ್ಲಿ ಸಿಕ್ಕಾಗೆಲ್ಲ ಕೆಣಕುವನು: "ಏನ ದುರಗಕ್ಕಾ, ಮಾಲಕರಾದ್ರಿ! ಕಾಗದಾ ಉರಸಿದ್ರ ರೊಟ್ಟಿ ಉಬ್ಬತಾವೇನು?"

"ನಿನ್ನ ಚಾದಾಗ ಹಾಲ ಇಲ್ಲಂದ್ರೂ ಜನಾ ಕುಡಿಯೂದಿಲ್ಲೇನ ಬುಡನಣ್ಣಾ? ಹಂಗ ಉಬ್ಬತಾವ ನಡಿ" ಎನ್ನುವಳು ಅವಳು.

ಮುಂದಿನ ವರ್ಷ ಹೋಳಿ ಬಂತು. ಅಂದಾನೆಪ್ಪ ಕೇರಿಯ ತುದಿಗೆ ಬರಲಿಲ್ಲ. ದುರಗವ್ವ ತಾನೇ ಹೊಲಕ್ಕೆ ಹೋದಳು. ಅಲ್ಲಿ ಕಂಪನಿಯ ಟ್ರ್ಯಾಕ್ಟರ್ ನಿಂತಿತ್ತು. ಬದುವಿನ ಮೇಲೆ ಕೂತಿದ್ದ ಅಂದಾನೆಪ್ಪ ಅವಳ ಮುಖ ನೋಡದೆ ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ಬಾ ದುರಗವ್ವಾ. ಈ ವರ್ಷ ಕಟಗಿ ಕಂಪನಿಗೆ ಹಾಕಾಕತ್ತೀನಿ. ಕೀಳಾಕ ಬಾ, ಕೂಲಿ ಕೊಡತೀನಿ."

ಅವಳಿಗೆ ಮೊದಲು ಮಾತು ತಿಳಿಯಲೇ ಇಲ್ಲ. "ಧಣ್ಯಾರ, ಕಟಗಿ ಕಿತ್ತವರದಲ್ಲೇನ್ರಿ?"

"ಕಸಾ ಇದ್ದಾಗ ಕಿತ್ತವರದು. ನಮ್ಮಪ್ಪಗ ಇದು ಕಸಾ ಇತ್ತು, ನನಗೂ ಕಸಾನ ಇತ್ತು. ಕಸಕ್ಕ ಧಾರಣಿ ಕಟ್ಟಿದವ್ರ ಯಾರವ್ವಾ? ನೀವ ಹೋಗಿ ತೂಕಕ್ಕ ಹಾಕಿದ್ರಿ. ತೂಕದ ಮಾಲು ನನ್ನ ಹೊಲದಾಗ ನಿಂತೈತಿ ಅಂದಮ್ಯಾಲ ನಾ ಸುಮ್ಮ ಬಿಡ್ಲಿ?"

ಅಂದಾನೆಪ್ಪ ಕೆಟ್ಟವನಲ್ಲ. ದುರಗವ್ವನ ಗಂಡ ಸತ್ತಾಗ ಹೆಣಕ್ಕೆ ಬಟ್ಟೆ ಕೊಟ್ಟವನು. ಅದಕ್ಕೇ ಆ ಮಾತು ಅವಳಿಗೆ ಹೆಚ್ಚು ನಟ್ಟಿತು. ಕೆಟ್ಟವನು ಆಡಿದ್ದರೆ ಬೈದು ಹಗುರಾಗಬಹುದಿತ್ತು. ಇವನು ಆಡಿದ್ದು ಖರೆ ಇತ್ತು. ಚಿಂದಿ ಸುತ್ತಿಕೊಂಡು ಅವಳು ಕೀಳಲು ಬಗ್ಗಿದಳು. ಕಿತ್ತ ಕಟಗಿ ಸಂಜೆ ಅವಳ ಕಣ್ಣೆದುರಿಗೇ ಅಣ್ಣಿಗೇರಿಯ ದಾರಿ ಹಿಡಿಯಿತು. ಹಿಂದಿನ ವರ್ಷದ ಬಣವಿ ಆಗಲೇ ನೆಲಕ್ಕೆ ಹತ್ತಿತ್ತು. ಕೂಲಿ ಜೋಳಕ್ಕೆ ಹೋಯಿತು, ಒಲೆಗೆ ಏನೂ ಉಳಿಯಲಿಲ್ಲ.

ಆ ಬೇಸಿಗೆಯಲ್ಲೇ ಷೇರುದಾರರ ಸಭೆ ಬಂತು. ಕಂಪನಿಯೇ ಟ್ರ್ಯಾಕ್ಟರ್ ಕಳಿಸಿತ್ತು. ಗಂಡಸರು ಮುಂದೆ, ಹೆಂಗಸರು ಹಿಂದೆ. ದಾರಿಯುದ್ದಕ್ಕೂ ಒಂದೇ ಮಾತು.

"ಕಂಪನಿ ನಡಿಯೂದಿಲ್ಲ ಅಂತಾರು" ಎಂದ ಬುಡನಸಾಬ. "ಕುಳ್ಳಿಗೆ ಗಿರಾಕಿ ಅದಾರಂತ, ಕುಳ್ಳಿಗೆ ಕಟಗೀನ ಇಲ್ಲಂತ. ರೈತರು ಅರ್ಧಾ ಹಾಕ್ತಾರು, ಅರ್ಧಾ ಹುಬ್ಬಳ್ಳಿ ಭಟ್ಟಿಯವ್ರಿಗೆ ಮಾರ್ತಾರು."

"ಭಟ್ಟಿಯವ್ರು ಹೆಚ್ಚ ಕೊಡ್ತಾರ ಮತ್ತ" ಎಂದ ಅಂದಾನೆಪ್ಪ. "ಇವತ್ತ ಅದನ್ನ ಬರೋಬರಿ ಮಾಡ್ತಾರು. ಷೇರ ಇದ್ದವ್ರು ಎಲ್ಲಾ ಕಟಗೀನೂ ಕಂಪನಿಗೇ ಹಾಕಬೇಕು ಅಂತ ಠರಾವ ಮಾಡಸ್ತಾರು. ಅದಾದ್ರ ಕಂಪನಿ ಉಳೀತು. ಇಲ್ಲಂದ್ರ ನಮ್ಮ ಕಾಗದಾ ಭಜಿ ಕಟ್ಟಾಕ ಬುಡನಸಾಬಗ ಕೊಡೂದು."

"ಎಣ್ಣಿ ಹೀರೂದಿಲ್ರಿ ಅದು, ಅಗದಿ ದಪ್ಪ ಕಾಗದಾ."

ಎಲ್ಲರೂ ನಕ್ಕರು. ದುರಗವ್ವ ಹಿಂದಿನಿಂದ ಕೇಳಿದಳು: "ಧಣ್ಯಾರ, ಕಂಪನಿ ಮುಚ್ಚಿದ್ರ ಕಟಗಿ ಮತ್ತ ಕಿತ್ತವರಿಗೆ ಬರತೈತೇನ್ರಿ?"

ಅಂದಾನೆಪ್ಪ ತಿರುಗಿ ನೋಡಿದ. ಸುಳ್ಳು ಹೇಳಬಹುದಿತ್ತು. "ಇಲ್ಲವ್ವಾ" ಎಂದ. "ಭಟ್ಟಿಗೆ ಹೋಗತೈತಿ. ಧಾರಣಿ ಒಮ್ಮಿ ಹುಟ್ಟಿದ್ದು ಸಾಯಂಗಿಲ್ಲ."

ಮಲ್ಲಕ್ಕ ಪಿಸುಗುಟ್ಟಿದಳು: "ಹಂಗಾರ ಕೈ ಎತ್ತೂದ ಚಲೋ ಬೇ. ಕಟಗೀ ಅಂತೂ ಹೋತು, ಕಾಗದಾ ಆದ್ರೂ ಉಳೀಲಿ." ದುರಗವ್ವನೊಳಗೆ ಬೇರೆ ಒಂದು ಮಾತು ಕೂತಿತ್ತು. ಮ್ಯಾನೇಜರ ಮರ ಉಳಿಸಬೇಕೆನ್ನುವ ಮನುಷ್ಯ. ತಿಳಿಸಿ ಹೇಳಿದರೆ ಅವನಿಗೆ ತಿಳಿದೀತು. ಕಿತ್ತವರಿಗೆ ತಲೆಹೊರೆಯಷ್ಟು ಬಿಟ್ಟರೆ ಕಂಪನಿಯೇನು ಮುಳುಗುವುದಿಲ್ಲ.

ಕಾರ್ಖಾನೆಯ ಅಂಗಳದಲ್ಲಿ ಶಾಮಿಯಾನ ಹಾಕಿ ಖುರ್ಚಿ ಸಾಲು ಮಾಡಿದ್ದರು. ಬಂದವರನ್ನೆಲ್ಲ ಕಂಪನಿಯ ಹುಡುಗರು ಕೈಹಿಡಿದು ಖುರ್ಚಿಗೆ ಕೂಡಿಸಿದರು. ದುರಗವ್ವನಿಗೆ ಸಿಕ್ಕ ಖುರ್ಚಿ ಅಂದಾನೆಪ್ಪನ ಬಾಜೂಕಿನದು. ಅವನ ಮುಂದೆ ಅವಳು ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ನಿಂತವಳು, ಇಲ್ಲವೆ ನೆಲಕ್ಕೆ ಕೂತವಳು. ಅಂಚಿನ ಮೇಲೆ, ಇಳಿಯಲು ತಯಾರಾದವಳ ಹಾಗೆ ಕೂತಳು. ಇಬ್ಬರಿಗೂ ಒಂದೇ ನಮೂನೆಯ ತಾಟಿನಲ್ಲಿ ಮಂಡಕ್ಕಿ ಮಿರ್ಚಿ ಬಂತು. ಏನೇ ಆಗಲಿ, ಆ ಕಾಗದ ಇಷ್ಟು ಮಾಡಿತಲ್ಲ ಎಂದು ಒಂದು ಗಳಿಗೆ ಎದೆ ತಂಪಾಯಿತು.

ಶಾಮಿಯಾನದಾಚೆ ದೊಡ್ಡ ಒಲೆಯೊಂದು ಉರಿಯುತ್ತಿತ್ತು, ಹೊಟ್ಟು ಒಣಗಿಸುವ ಒಲೆ. ಅದರ ಬಾಯಿಗೆ ಇಬ್ಬರು ಆಳುಗಳು ತೊಲೆಗಳನ್ನು ನೂಕುತ್ತಿದ್ದರು. ಪಕ್ಕದಲ್ಲಿ ಲಾರಿ ತುಂಬುವಷ್ಟು ತೊಲೆ ಒಟ್ಟಿತ್ತು. ಮುಚ್ಚಿಡಬೇಕೆಂದು ಯಾರಿಗೂ ಅನಿಸಿರಲಿಲ್ಲ. ಮೊಸಳೆಯ ಬೆನ್ನಿನಂಥ ತೊಗಟೆ, ಮತ್ತಿಯ ಮರ. ಬಮ್ಮಿಗಟ್ಟಿಯ ದಿಬ್ಬದಲ್ಲಿ ಅವಳು ಬೆನ್ನು ಕೊಟ್ಟು ಕೂರುತ್ತಿದ್ದದ್ದು ಅದೇ ಜಾತಿಯ ಮರಕ್ಕೆ.

ಬುಡನಸಾಬನೂ ನೋಡಿದ್ದ. ಕೇಳದೆ ಬಿಡುವವನಲ್ಲ. "ಸಾಹೇಬ್ರ, ಕಾಡು ಉಳಸೂ ಕಂಪನೀ ಒಲಿಯಾಗ ಕಾಡ ಉರಿಯಾಕತ್ತೈತೆಲ್ರಿ?"

ಮ್ಯಾನೇಜರ ಎಲ್ಲರಿಗಿಂತ ಮೊದಲು ತಾನೇ ನಕ್ಕ. "ಒಳ್ಳೆ ಪ್ರಶ್ನೆ! ಹೊಟ್ಟು ಹಸಿ ಇದ್ರೆ ಗಟ್ಟಿ ಆಗೋದಿಲ್ಲ, ಒಣಗಿಸಬೇಕು. ನಮ್ಮದೇ ಗಟ್ಟಿ ಸುಟ್ರೆ ಮಾರೋದು ಏನು? ಅದಕ್ಕೆ ಸ್ವಲ್ಪ ಕಟ್ಟಿಗೆ ಅರಣ್ಯ ಇಲಾಖೆಯ ಲಿಲಾವಿನಲ್ಲಿ ಕೂಗಿ ತಗೋತೀವಿ. ಒಂದು ಮರ ಸುಟ್ಟು ಹತ್ತು ಮರ ಉಳಿಸ್ತೀವಿ, ಇದು ಲೆಕ್ಕ."

"ಹತ್ತು ಎಲ್ಲಿ ನಿಂತಾವ್ರಿ? ನೋಡಿ ಬರೋಣು."

"ಏ ಬುಡನಸಾಬಾ, ಕೂಡೋ" ಎಂದು ಯಾರೋ ಗದರಿದರು. "ಬಡ್ಡಿ ಬಂದಾಗ ನೀ ಏನ ಬ್ಯಾಡ ಅಂತೀಯೇನು?" ನಗೆ ಎದ್ದಿತು, ಮಾತು ಅಲ್ಲಿಗೇ ಮುಗಿಯಿತು. ಷೇರಿಗೆ ಮುಂದೆ ಎಷ್ಟು ಬೆಲೆ ಬಂದೀತು, ಸರಕಾರ ಸಬ್ಸಿಡಿ ಕೊಟ್ಟೀತೇ ಎಂಬುದಕ್ಕೆ ತಾಸುಗಟ್ಟಲೆ ವಾದ ನಡೆಯಿತು. ತೊಲೆಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಕಡೆಗೆ ಠರಾವು ಓದಿದರು. ಅಂದಾನೆಪ್ಪ ಹೇಳಿದ್ದೇ ಇತ್ತು. ದುರಗವ್ವ ಎದ್ದು ನಿಂತಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು.

"ಸಾಹೇಬ್ರ, ನಂದೂ ಒಂದ ಷೇರ ಐತ್ರಿ. ಕಟಗಿ ಕೀಳೂ ಹೆಂಗಸರು ನಾವು. ಎಲ್ಲಾನೂ ಕಂಪನಿಗೆ ಅಂದ್ರ ನಮ್ಮ ಒಲಿ ಹೆಂಗ್ರಿ? ದಿನಾ ಕಿತ್ತವರಿಗೆ ಒಂದೊಂದು ತಲಿಹೊರಿ ಬಿಡಬೇಕು ಅಂತ ಅದರಾಗ ಬರೀರಿ. ಇಲ್ಲಂದ್ರ ನಾವೂ ಗಿಡಾ ಕಡಿಯೂದ ಆಗತೈತಿ."

ಮ್ಯಾನೇಜರ ಬೇಸರಪಡಲಿಲ್ಲ. ಅಕ್ಕರೆಯಿಂದಲೇ ಹೇಳಿದ: "ಅಕ್ಕಾ, ನೀವು ಇನ್ನೂ ಕೂಲಿಯವರ ಹಾಗೆ ವಿಚಾರ ಮಾಡ್ತೀರಿ. ಮಾಲೀಕರ ಹಾಗೆ ಮಾಡ್ರಿ. ಒಂದೊಂದು ಹೊರೆ ಬಿಟ್ರೆ ಯಾರ ಕಂಪನಿಗೆ ನುಕಸಾನು? ನಿಮ್ಮದೇ ಕಂಪನಿಗೆ."

ಜನ ಚಪ್ಪಾಳೆ ತಟ್ಟಿದರು. ಅಂದಾನೆಪ್ಪ ಮೆಲ್ಲಗೆ, "ಕೂಡ ದುರಗವ್ವಾ" ಎಂದ. ಅವಳು ಕೂತಳು. ಕೈ ಎತ್ತಿರೆಂದರು. ಶಾಮಿಯಾನದ ತುಂಬ ಕೈಗಳು ಎದ್ದವು. ಮಲ್ಲಕ್ಕನ ಕೈ ಎದ್ದಿತು, ಬುಡನಸಾಬನ ಕೈಯೂ ಎದ್ದಿತು. ದುರಗವ್ವನ ಕೈ ಮಡಿಲಲ್ಲೇ ಇತ್ತು. ವೇದಿಕೆಯ ಮೇಲೆ ಠರಾವು ಓದಿದವನು ಆ ಕಡೆ ಸರಿಯಾಗಿ ನೋಡದೆ, "ಎಲ್ಲರೂ ಒಪ್ಪಿದ್ದಾರೆ" ಎಂದು ಓದಿಬಿಟ್ಟ.

ಹೋಗುವಾಗ ಷೇರುದಾರರಿಗೆಲ್ಲ ಒಂದೊಂದು ಚೀಲ ಕಂಪನಿ ಕುಳ್ಳು ಉಡುಗೊರೆ ಕೊಟ್ಟರು. ಮರುದಿನ ತಾಯವ್ವ ಅದನ್ನು ಒಲೆಗೆ ಇಟ್ಟಳು. ಚಿಮಣಿ ಎಣ್ಣೆ ಸುರಿದರೂ ಅದು ಹತ್ತಲಿಲ್ಲ. ಹತ್ತಿದ ಮೇಲೆ ಉರಿಯಲಿಲ್ಲ, ಒಳಗೊಳಗೇ ಕೆಂಪಗೆ ಬೆಂದಿತು. ಭಟ್ಟಿಯ ಗಾಳಿಗೆ ಹುಟ್ಟಿದ ಮಾಲು ಮೂರು ಕಲ್ಲಿನ ಒಲೆಗೆ ಹೇಗೆ ಬಗ್ಗೀತು? ರೊಟ್ಟಿ ಹಂಚಿನ ಮೇಲೆ ಚಕ್ಕಳದಂತೆ ಒಣಗಿತು. ತಾಯವ್ವ ಅದನ್ನೇ ಮುರಿದು ಅತ್ತೆಯ ತಾಟಿಗೆ ಹಾಕಿದಳು. ಬೈದಿದ್ದರೆ ಚಲೋ ಇತ್ತು.

ಕೇರಿಯ ಹೆಂಗಸರೆಲ್ಲ ಕೊಡಲಿ ಹಿಡಿದು ಹಳ್ಳದ ದಂಡೆಗೆ ಇಳಿದರು. ಮೊದಲು ಜಾಲಿಯ ಒಣಟೊಂಗೆ ಹೋದವು, ಆಮೇಲೆ ಹಸಿಟೊಂಗೆ, ಆಮೇಲೆ ಬುಡ. ಕುರಿಗಳಿಗೆ ನೆರಳು ಕೊಡುತ್ತಿದ್ದ ಹುಣಸೆಯೂ ಉಳಿಯಲಿಲ್ಲ. ಹೊಲಕ್ಕೆ ಗೊಬ್ಬರವಾಗಬೇಕಾದ ಸೆಗಣಿಯೆಲ್ಲ ಗೋಡೆಗೆ ಕುಳ್ಳಾಗಿ ಹತ್ತಿತು.

ಒಂದು ಮಧ್ಯಾಹ್ನ ದುರಗವ್ವ ಹಸಿ ಜಾಲಿಯ ಹೊರೆ ಹೊತ್ತು ಬರುತ್ತಿದ್ದಾಗ ಹಿಂದಿನಿಂದ ಜೀಪು ಬಂದು ನಿಂತಿತು. ಮ್ಯಾನೇಜರ ಕನ್ನಡಕ ತೆಗೆದ. ಅವನಿಗೆ ಅವಳ ಗುರುತು ಸಿಗಲಿಲ್ಲ.

"ಏನಮ್ಮಾ ಇದು, ಹಸಿ ಗಿಡ! ನೀವೇ ಹೀಗೆ ಕಡಿದ್ರೆ ಮಳೆ ಹೆಂಗೆ ಬರಬೇಕು?"

ಹೊರೆಯ ಭಾರಕ್ಕೆ ಅವಳು ಕುತ್ತಿಗೆ ತಿರುಗಿಸುವಂತಿರಲಿಲ್ಲ. ದಾರಿಯನ್ನೇ ನೋಡುತ್ತ ಹೇಳಿದಳು: "ನಾನೂ ನಿಮ್ಮ ಕಂಪನಿ ಮಾಲಕಳ್ರಿ, ಸಾಹೇಬ್ರ."

ಡ್ರೈವರ ಕಿಸಕ್ಕನೆ ನಕ್ಕ. ಮ್ಯಾನೇಜರನೂ ನಕ್ಕು, "ಹಳ್ಳಿ ಮಂದಿ ಮಾತಿನಾಗ ಭಾರೀ ಜೋರು" ಎನ್ನುತ್ತ ಕನ್ನಡಕ ಏರಿಸಿದ. ಜೀಪು ಹೋಯಿತು. ಎದ್ದ ಧೂಳು ಬೆವರಿಗೆ ಅಂಟಿತು.

ಹೊರೆ ಮನೆಯ ಮುಂದೆ ಕೆಡವಿದಳು. ಅದು ಒಣಗಲು ಇನ್ನೂ ಎಷ್ಟೋ ದಿನ ಬೇಕು. ಒಳಗೆ ತಾಯವ್ವ ಹಿಟ್ಟು ನಾದಿ ಇಟ್ಟು, ತಣ್ಣನೆಯ ಒಲೆಯ ಮುಂದೆ ಕೂತಿದ್ದಳು. ದುರಗವ್ವ ನೀರು ಕೂಡ ಕುಡಿಯದೆ, ಬುಟ್ಟಿ ತಕ್ಕೊಂಡು, ಎರಡು ಸೆಗಣಿ ಕುಳ್ಳು ಕಡ ಕೇಳಲು ಮಲ್ಲಕ್ಕನ ಮನೆಯ ಕಡೆ ನಡೆದಳು.